ಚಿನ್ನದ ಊರಿನ ಗಾಳದವರು

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಮೀನಿನ ಗಾಳಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಎಂಬ ಹೆಸರಿನಲ್ಲಿ ಹಾಲು ತುಂಬಿದೆಯೇ ಹೊರತು ಅದರ ಪಾತ್ರದಲ್ಲಿ ವರ್ಷದ ಬಹುಪಾಲು ಮರಳೇ ತುಂಬಿರುತ್ತದೆ. ಆದರೂ ಮಾರಿಕುಪ್ಪಂನಿಂದ ಊರ್ಗಾಂ, ಕೋರಮಂಡಲಗಳನ್ನು ಹಾದು ಬಂಗಾರಪೇಟೆಗೆ ಬರುವ ರೈಲುಗಾಡಿಯಲ್ಲಿ, ಊಟದ ಡಬ್ಬಿಗಳ ಮತ್ತು ಕೈಚೀಲಗಳ ನಡುವೆ, ಹಳೆಯ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಕೋಲೊಂದು ಮೂಲೆಗೆ ಒರಗಿ ನಿಂತಿರುವುದು ಅಪರೂಪದ ನೋಟವಲ್ಲ. ಕೋಲಿನ ಒಡೆಯ ಅದರತ್ತ ನೋಡದವನಂತೆ ಕುಳಿತಿರುತ್ತಾನೆ. ಆದರೆ ಯಾರ ಕಾಲಾದರೂ ಅದಕ್ಕೆ ತಗುಲಿದರೆ ತಟ್ಟನೆ ತಿರುಗುತ್ತಾನೆ.

ಹದಿನಾರು ಕಿಲೋಮೀಟರಿನಷ್ಟು ಉದ್ದದ ಈ ಕವಲು ಹಾದಿಯನ್ನು 1894ರಲ್ಲಿ ಹಾಕಿದ್ದು ಮೀನು ಹಿಡಿಯುವವರ ಅನುಕೂಲಕ್ಕಲ್ಲ, ಗಣಿಗಳ ಅನುಕೂಲಕ್ಕೆ. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಯಂತ್ರಗಳು, ಕಲ್ಲಿದ್ದಲು, ಮರದ ದಿಮ್ಮಿಗಳು ಆ ಹಾದಿಯಲ್ಲಿ ಒಳಗೆ ಹೋದವು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಆರಂಭಿಸಿದ ಕೆಲಸ ನೂರಿಪ್ಪತ್ತು ವರ್ಷ ನಡೆದು, ಭೂಮಿಯಿಂದ ಸುಮಾರು ಎಂಟುನೂರು ಟನ್ನು ಚಿನ್ನವನ್ನು ಮೇಲೆತ್ತಿತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ ಅರವತ್ತು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ತಣ್ಣನೆಯ ಗಾಳಿಯನ್ನು ಕೊಳವೆಗಳಲ್ಲಿ ಕೆಳಕ್ಕೆ ತಳ್ಳದೆ ಅಲ್ಲಿ ಮನುಷ್ಯ ನಿಲ್ಲುವಂತಿರಲಿಲ್ಲ. ಅದರ ಮೇಲೆ ಬಂಡೆ ಸಿಡಿತದ ಭಯ ಬೇರೆ. ಮೇಲಿನ ಭಾರವನ್ನು ತಾಳಲಾರದೆ ಗೋಡೆಯ ಕಲ್ಲು ಯಾವ ಮುನ್ಸೂಚನೆಯೂ ಇಲ್ಲದೆ ಒಡೆದು ಚಿಮ್ಮುತ್ತಿತ್ತು.

ವಾರವಿಡೀ ಇಂಥ ಕತ್ತಲೆಯಲ್ಲಿ ದುಡಿದವನಿಗೆ ರಜೆಯ ದಿನ ಏನು ಬೇಕಾದೀತು? ಬೆಳಕು ಬೇಕು, ಗಾಳಿ ಬೇಕು, ಯಾರೂ ಕೂಗಿ ಕರೆಯದ ಒಂದು ಜಾಗ ಬೇಕು. ಕೆರೆಯ ಏರಿಯ ಮೇಲೆ ಈ ಮೂರೂ ಕೂಲಿಯಿಲ್ಲದೆ ದೊರೆಯುತ್ತಿದ್ದವು. ಗಾಳದ ಕೋಲು ಅಲ್ಲಿ ಕುಳಿತುಕೊಳ್ಳಲು ಒಂದು ನೆಪವಾಗಿತ್ತೆಂದು ಹೇಳುವವರುಂಟು. ಆದರೆ ಅದು ಪೂರ್ತಿ ಸರಿಯಲ್ಲ. ಸಂಜೆಯ ಸಾರಿಗೆ ನಾಲ್ಕು ಮೀನು ಬಂದರೆ ಮನೆಯಲ್ಲಿ ಅದನ್ನು ನೆಪವೆಂದು ಯಾರೂ ಎಣಿಸುತ್ತಿರಲಿಲ್ಲ.

ಇಲ್ಲಿ ಬೇತಮಂಗಲದ ಕೆರೆಯ ವಿಷಯ ಹೇಳಬೇಕು. ಗಣಿಯ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಕೆರೆಯದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದುಹೋಗಿದ್ದ ಕೆರೆಯನ್ನು ನೊಳಂಬರ ಕಾಲದಲ್ಲಿ ಮತ್ತೆ ಕಟ್ಟಿಸಿದ ಸಂಗತಿಯನ್ನು ಅಲ್ಲಿನ ಶಾಸನ ತಿಳಿಸುತ್ತದೆ. ಎಂದರೆ ಸಾವಿರ ವರ್ಷಕ್ಕೂ ಹಿಂದಿನ ಕೆರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿಯವರು ಅಲ್ಲಿ ನೀರನ್ನು ಶುದ್ಧಿಗೊಳಿಸುವ ಸ್ಥಾವರವನ್ನು ಕಟ್ಟಿ, ಗಣಿಗಳಿಗೂ ಕಾರ್ಮಿಕರ ಬೀದಿಗಳಿಗೂ ಕುಡಿಯುವ ನೀರನ್ನು ಕೊಳವೆಗಳಲ್ಲಿ ತಂದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದುದನ್ನು ಎಲ್ಲರೂ ಹೆಮ್ಮೆಯಿಂದ ನೆನೆಯುತ್ತಾರೆ. ಕಾವೇರಿ ತಂತಿಯ ಮೂಲಕ ಬಂದು ಯಂತ್ರಗಳನ್ನು ತಿರುಗಿಸಿದಳು. ಆದರೆ ಬಾಯಾರಿಕೆಗೆ ಒದಗಿದ್ದು ಹತ್ತಿರದ ಈ ಬಡ ಪಾಲಾರ್. ಇದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ.

ಗಾಳದ ಸಾಮಗ್ರಿಯೆಂದರೆ ನೋಡಲು ಬಲು ಸರಳ: ಕೋಲು, ದಾರ, ಬೆಂಡು, ಸೀಸದ ಗುಂಡು, ಕೊಕ್ಕೆ, ಎರೆ. ಆರು ವಸ್ತುಗಳು. ಆದರೆ ಆರಕ್ಕೂ ಒಂದೊಂದು ಶಾಸ್ತ್ರವುಂಟು. ಕೋಲಿಗೆ ಬಿದಿರೇ ಮೊದಲಿನಿಂದ ಬಂದದ್ದು. ಬುಡದಲ್ಲಿ ಹೆಬ್ಬೆರಳಿನ ದಪ್ಪ, ತುದಿಯಲ್ಲಿ ಕಿರುಬೆರಳಿಗಿಂತ ತೆಳು. ಗಿಣ್ಣುಗಳು ಹತ್ತಿರ ಹತ್ತಿರ ಇರಬೇಕು. ಕಡಿದ ಕೂಡಲೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಬೇಕು, ಇಲ್ಲವಾದರೆ ಸೀಳುತ್ತದೆ. ಒಣಗಿದ ಮೇಲೆ ಬೆಂಕಿಯ ಶಾಖ ತೋರಿಸಿ ಡೊಂಕನ್ನು ತಿದ್ದಬೇಕು. ಇಂಗ್ಲಿಷರು ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ಅಂಟಿಸಿ, ತುಂಡು ತುಂಡಾಗಿ ಹಿತ್ತಾಳೆಯ ಕೊಳವೆಗಳಿಂದ ಜೋಡಿಸುವ ಕೋಲುಗಳನ್ನು ತರುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಗಾಜಿನ ನಾರಿನ ಕೋಲುಗಳೂ, ಆಮೇಲೆ ಇಂಗಾಲದ ನಾರಿನ ಕೋಲುಗಳೂ ಬಂದವು. ಈಗ ಒಂದರೊಳಗೊಂದು ಸರಿದು ಒಂದು ಮೊಳಕ್ಕೆ ಕುಗ್ಗುವ ಕೋಲನ್ನು ಶಾಲೆಯ ಚೀಲದಲ್ಲಿಯೂ ಒಯ್ಯಬಹುದು. ಅನುಕೂಲವೇನೋ ಹೌದು, ಆದರೆ ಮೀನಿಗೆ ಈ ವ್ಯತ್ಯಾಸ ತಿಳಿಯುತ್ತದೆಂದು ತೋರುವುದಿಲ್ಲ.

ದಾರದ ಕತೆ ಬೇರೆ. ಮೊದಲು ಹತ್ತಿಯ ಹುರಿ, ಕತ್ತಾಳೆಯ ನಾರು, ರೇಷ್ಮೆ. ಇವೆಲ್ಲ ನೀರು ಕುಡಿದು ಭಾರವಾಗುತ್ತಿದ್ದವು, ಒಣಗಿಸದಿದ್ದರೆ ಕೊಳೆಯುತ್ತಿದ್ದವು. ಅಮೆರಿಕದ ವಿಜ್ಞಾನಿ ವಾಲೇಸ್ ಕರೋದರ್ಸ್ 1935ರಲ್ಲಿ ನೈಲಾನನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದರ ಒಂಟಿ ಎಳೆ ಗಾಳದ ದಾರವಾಯಿತು. ಗಣಿಯ ಊರಿನವರು ಅದನ್ನು ತಂಗೂಸಿ ಎನ್ನುತ್ತಾರೆ. ನೀರಿನಲ್ಲಿ ಕಾಣದು, ಕೊಳೆಯದು. ಆದರೆ ಗಂಟು ಹಾಕುವುದರಲ್ಲಿ ಎಚ್ಚರ ಬೇಕು. ಕೊಕ್ಕೆಯ ಕಣ್ಣಿನಲ್ಲಿ ದಾರವನ್ನು ತೂರಿಸಿ, ಅದರ ಮೇಲೆಯೇ ಐದಾರು ಸುತ್ತು ಸುತ್ತಿ, ತುದಿಯನ್ನು ಕುಣಿಕೆಯೊಳಗೆ ತಂದು, ಬಿಗಿಯುವ ಮುನ್ನ ಬಾಯಲ್ಲಿ ಒದ್ದೆ ಮಾಡಬೇಕು. ಒಣಗಂಟನ್ನು ಎಳೆದರೆ ಉಜ್ಜಿ ಬಿಸಿಯಾಗಿ ಎಳೆ ಅಲ್ಲಿಯೇ ಬಲಗುಂದುತ್ತದೆ. ದೊಡ್ಡ ಮೀನು ತಪ್ಪಿಸಿಕೊಂಡಾಗ ದಾರವನ್ನು ಬೈಯುವವರಲ್ಲಿ ಹೆಚ್ಚಿನವರು ಗಂಟನ್ನು ಬೈಯಬೇಕಾದವರು.

ಕೊಕ್ಕೆಗಳಿಗೆ ಸಂಖ್ಯೆಗಳುಂಟು, ಮತ್ತು ಆ ಲೆಕ್ಕ ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಸಂಖ್ಯೆ ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುತ್ತದೆ. ಹದಿನಾಲ್ಕನೆಯ ನಂಬರು ಬೆರಳುದ್ದದ ಮೀನಿಗೆ, ನಾಲ್ಕನೆಯದು ಕಿಲೋ ತೂಕದ ಗೆಂಡೆಗೆ. ಹಿಂದೆ ಇಂಗ್ಲೆಂಡಿನ ರೆಡಿಚ್ ಪಟ್ಟಣದಿಂದಲೂ ನಾರ್ವೆಯ ಮುಸ್ತಾದ್ ಕಾರ್ಖಾನೆಯಿಂದಲೂ ಕೊಕ್ಕೆಗಳು ಲೋಕವೆಲ್ಲ ಹರಡಿದವು. ಬೆಂಡಿಗೆ ಮಾತ್ರ ಹೊರದೇಶದ ಹಂಗು ಬೇಕಿಲ್ಲ. ನವಿಲುಗರಿಯ ದಂಟಿನಷ್ಟು ಹಗುರವಾದ, ನೇರವಾದ, ಮೀನಿನ ಉಸಿರು ತಗುಲಿದರೂ ಅಲುಗುವಂಥ ಬೆಂಡು ಇನ್ನೊಂದಿಲ್ಲ.

ರೀಲು ಎಂಬ ಯಂತ್ರದ ಬಗ್ಗೆ ಒಂದು ಸ್ವಾರಸ್ಯವಿದೆ. ಗಾಳವನ್ನು ದೂರಕ್ಕೆ ಎಸೆದಾಗ ಸುತ್ತು ತಿರುಗದೆಯೇ ದಾರ ಜಾರಿಹೋಗುವ ರೀಲಿಗೆ 1905ರಲ್ಲಿ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಆಲ್ಫ್ರೆಡ್ ಇಲಿಂಗ್ವರ್ತ್. ಅವನು ಬಟ್ಟೆ ಗಿರಣಿಯ ಕಸುಬಿನವನು. ನಿಂತ ಕಂಡಿಕೆಯಿಂದ ನೂಲು ಸುಲಿದುಬರುವುದನ್ನು ನೋಡಿದ ಕಣ್ಣಿಗೆ ಈ ಉಪಾಯ ಹೊಳೆಯಿತು. ಗಣಿಯ ಊರಿನಲ್ಲಿ ರೀಲನ್ನು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಶಾಫ್ಟಿನ ಬಾಯಲ್ಲಿ ದೈತ್ಯ ಗಾತ್ರದ ಉರುಳೆಗೆ ಉಕ್ಕಿನ ಹಗ್ಗ ಸುತ್ತಿರುತ್ತಿತ್ತು. ಅದು ಬಿಚ್ಚಿಕೊಂಡಂತೆ ಮನುಷ್ಯರು ತುಂಬಿದ ಕೇಜು ಕೆಳಕ್ಕಿಳಿಯುತ್ತಿತ್ತು, ಸುತ್ತಿಕೊಂಡಂತೆ ಮೇಲಕ್ಕೆ ಬರುತ್ತಿತ್ತು. ಹಗ್ಗದ ತುದಿಯಲ್ಲಿ ಪ್ರತಿದಿನ ತಾನೇ ಇಳಿಯುತ್ತಿದ್ದವನು ವಾರಕ್ಕೊಮ್ಮೆ ಕೆರೆಯ ದಡದಲ್ಲಿ ಕುಳಿತು ರೀಲಿನ ಹಿಡಿಯನ್ನು ತಾನು ತಿರುಗಿಸುತ್ತಿದ್ದ.

ಎರೆಯ ವಿಷಯಕ್ಕೆ ಬಂದರೆ ಪ್ರತಿಯೊಬ್ಬನೂ ಗುಟ್ಟಿನ ಮನುಷ್ಯ. ಎರೆಹುಳು ಎಲ್ಲರಿಗೂ ತಿಳಿದದ್ದು. ರಾಗಿ ಹಿಟ್ಟನ್ನು ಬೇಯಿಸಿ, ಕಡಲೆಕಾಯಿ ಹಿಂಡಿಯನ್ನು ಸೇರಿಸಿ, ಒಂದಿಷ್ಟು ಸೋಂಪಿನ ಪುಡಿ ಹಾಕಿ ನಾದಿದ ಉಂಡೆ ಗೆಂಡೆ ಜಾತಿಯ ಮೀನುಗಳಿಗೆ ಇಷ್ಟ. ನೀರಿನಲ್ಲಿ ಅದು ಕರಗಿಹೋಗದಿರಲೆಂದು ಹತ್ತಿಯ ಎಳೆಯನ್ನು ಬೆರೆಸುವರು. ಇಂಥ ಪಾಕಶಾಸ್ತ್ರ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನುಗಳ ಜಾತಿಗಳು, ಅವುಗಳಿಗೆ ಹಾಕಬೇಕಾದ ಮೇವು, ದಾರ, ಕೋಲು, ಕೊಕ್ಕೆ ಎಲ್ಲವನ್ನೂ ಅರಸು ಮನೆತನದ ಗಾಂಭೀರ್ಯದಿಂದ ಅಲ್ಲಿ ವಿವರಿಸಲಾಗಿದೆ. ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷರವನು 1873ರಲ್ಲಿ ಭಾರತದ ಹೊಳೆಗಳ ಗಾಳಗಾರಿಕೆಯ ಮೇಲೂ, 1887ರಲ್ಲಿ ನಮ್ಮ ಕೆರೆಗಳ ಗಾಳಗಾರಿಕೆಯ ಮೇಲೂ ಪುಸ್ತಕಗಳನ್ನು ಪ್ರಕಟಿಸಿದ. ಹೊಳೆಯ ಮೀನಿಗೆ ಇರುವ ಮರ್ಯಾದೆ ಕೆರೆಯ ಮೀನಿಗೂ ಸಲ್ಲಬೇಕೆಂದು ಬಗೆದವನು ಅವನೊಬ್ಬನಾದರೂ ಇದ್ದನಲ್ಲ!

ಯಾವ ಮೀನು ಯಾವ ಆಳದಲ್ಲಿ ಮೇಯುತ್ತದೆಂಬುದನ್ನು ಅದರ ಬಾಯಿಯೇ ಹೇಳುತ್ತದೆ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲದ ಬಾಯಿ ಕೆಳಮುಖ. ಅದಕ್ಕೆ ತಳದ ಕೆಸರೇ ಊಟದೆಲೆ. ಬೆಂಡಿಗೂ ಕೊಕ್ಕೆಗೂ ನಡುವೆ ಎಷ್ಟು ದಾರ ಬಿಡಬೇಕೆಂಬ ಲೆಕ್ಕ ಇದರಿಂದಲೇ ಹೊರಡುವುದು. 1952ರಲ್ಲಿ ಹೊರದೇಶದಿಂದ ಬಂದ ತಿಲಾಪಿಯಾಕ್ಕೆ ನಮ್ಮ ಜನ ಜಿಲೇಬಿ ಎಂಬ ಸಿಹಿಯಾದ ಹೆಸರಿಟ್ಟರು. ಅದು ಮೊಟ್ಟೆಮರಿಗಳನ್ನು ಬಾಯಲ್ಲಿಯೇ ಕಾಪಾಡುತ್ತದೆ. ಹೀಗಾಗಿ ಹೊಕ್ಕ ಕೆರೆಯನ್ನು ಬಿಟ್ಟು ಹೋಗುವುದಿಲ್ಲ.

ಕೊರಮೀನಿನ ಜಾಣ್ಮೆಯೇ ಬೇರೆ. ಅದು ಕಿವಿರಿನಿಂದ ಉಸಿರಾಡುವುದಲ್ಲದೆ ಆಗಾಗ ಮೇಲೆ ಬಂದು ಗಾಳಿಯನ್ನೂ ನುಂಗುತ್ತದೆ. ಆದ್ದರಿಂದ ಕೆರೆ ಬತ್ತುವಾಗಲೂ ಒದ್ದೆ ಕೆಸರಿನೊಳಗೆ ಹುದುಗಿ ಕೆಲವು ಕಾಲ ಬದುಕಬಲ್ಲದು. ಕೋಲಾರದಂಥ ಸೀಮೆಗೆ ತಕ್ಕ ಮೀನು! ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚಿ ಜೊಂಡಿನ ಪಕ್ಕದಲ್ಲಿ ಆಡಿಸಿ ಅದನ್ನು ಹಿಡಿಯುವ ಪದ್ಧತಿಯುಂಟು. ನೋಡಲು ಹಿತವಾದ ಪದ್ಧತಿಯಲ್ಲ. ರಬ್ಬರಿನ ಕಪ್ಪೆ ಬಂದದ್ದು ಕಪ್ಪೆಗಳಿಗಂತೂ ಉಪಕಾರವಾಯಿತು. ಮಳೆಗಾಲದಲ್ಲಿ ಕೊರಮೀನಿನ ಕೆಂಬಣ್ಣದ ಮರಿಗಳು ಉಂಡೆಗಟ್ಟಿ ನೀರಿನ ಮೇಲೆ ಕುದಿಯುವಂತೆ ಕಾಣುತ್ತವೆ. ಅವುಗಳ ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಆಗ ಅವುಗಳ ಮುಂದೆ ಏನನ್ನು ಎಳೆದರೂ, ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ ಮೇಲೆ ಬಿದ್ದು ಕಚ್ಚುತ್ತವೆ. ಇಷ್ಟು ಸುಲಭವಾಗಿ ಕೊರಮೀನು ಸಿಕ್ಕುವ ಕಾಲ ಇನ್ನೊಂದಿಲ್ಲ. ಆದರೂ ಬಲ್ಲವರು ಆ ಕೆಂಪು ಉಂಡೆಯನ್ನು ಕಂಡರೆ ಗಾಳವನ್ನು ಬೇರೆ ಕಡೆಗೆ ಒಯ್ಯುವರು. ಕಾವಲುಗಾರ ಹೋದರೆ ನೂರಾರು ಮರಿಗಳು ಒಂದೇ ದಿನದಲ್ಲಿ ಉಳಿದ ಮೀನುಗಳ ಪಾಲು.

ಎಲ್ಲವನ್ನೂ ಅಣಿಗೊಳಿಸಿದ ಮೇಲೆ ಉಳಿಯುವುದು ಬೆಂಡನ್ನು ನೋಡುವ ಕೆಲಸ. ಅದು ಎರಡು ಸಲ ನಡುಗಿ ಸುಮ್ಮನಾದರೆ ಸಣ್ಣ ಮೀನು ಎರೆಯನ್ನು ಕೊಸರುತ್ತಿದೆ. ಮೆಲ್ಲನೆ ಓರೆಯಾಗಿ ಸರಿದರೆ ಗೆಂಡೆ. ಒಮ್ಮೆಲೇ ಮುಳುಗಿದರೆ ಕೊರಮೀನು. ಮೇಲೆ ಮಲಗಿಬಿಟ್ಟರೆ ತಳದ ಮೀನೊಂದು ಎರೆಯನ್ನು ಗುಂಡಿನ ಸಮೇತ ಎತ್ತಿಕೊಂಡಿದೆ. ಕಾಣದ ಆಳದಲ್ಲಿ ನಡೆಯುವುದನ್ನು ಮೇಲಿನ ಗುರುತಿನಿಂದ ಊಹಿಸುವ ಈ ವಿದ್ಯೆ ಗಣಿಯವನಿಗೆ ಹೊಸದಲ್ಲ. ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ, ಹೊರಡುವ ಸದ್ದಿನಿಂದಲೇ ಅದು ಗಟ್ಟಿಯೋ ಪೊಳ್ಳೋ ಎಂದು ತಿಳಿಯುತ್ತಿದ್ದವನಿಗೆ ಬೆಂಡಿನ ಭಾಷೆ ಕಷ್ಟವಾದೀತೆ? ವ್ಯತ್ಯಾಸವಿಷ್ಟೆ: ಇಲ್ಲಿ ಊಹೆ ತಪ್ಪಿದರೆ ಒಂದು ಮೀನು ಹೋಗುತ್ತದೆ; ಅಲ್ಲಿ ತಪ್ಪಿದರೆ ಹೋಗುತ್ತಿದ್ದುದು ಪ್ರಾಣ.

ಏರಿಯ ಮೇಲೆ ಹೆಚ್ಚು ಮಾತಿಲ್ಲ. ದಾರಿಹೋಕನೊಬ್ಬ ಸೈಕಲ್ಲು ನಿಲ್ಲಿಸಿ, “ಏನಣ್ಣಾ, ಏನಾದರೂ ಬಿತ್ತೆ?” ಎಂದು ಕೇಳುತ್ತಾನೆ. “ಇನ್ನೂ ಇಲ್ಲಪ್ಪ” ಎಂಬುದು ಉತ್ತರ. ಚೀಲದಲ್ಲಿ ನಾಲ್ಕು ಮೀನಿದ್ದರೂ ಉತ್ತರ ಅದೇ.

ಸಾಮಗ್ರಿಯೊಡನೆ ಪ್ರಯಾಣ ಮಾಡುವುದು ಇನ್ನೊಂದು ವಿದ್ಯೆ. ಬಸ್ಸಿನ ನೂಕುನುಗ್ಗಲಿನಲ್ಲಿ ಬಿಡಿ ಕೊಕ್ಕೆಯೊಂದು ಪರರ ಸೀರೆಗೆ ಸಿಕ್ಕಿತೆಂದರೆ ಅಲ್ಲಿಗೆ ಆ ದಿನದ ಮೀನುಗಾರಿಕೆ ಮುಗಿದಂತೆ. ಕೊಕ್ಕೆಯ ಹಿಮ್ಮುಳ್ಳು ಬಟ್ಟೆಯನ್ನು ಹೊಕ್ಕರೆ ಹಿಂದಕ್ಕೆ ಬರುವುದಿಲ್ಲ, ಬೆರಳನ್ನು ಹೊಕ್ಕರೂ ಬರುವುದಿಲ್ಲ. ಅದಕ್ಕಾಗಿ ಕೊಕ್ಕೆಗಳನ್ನು ಬಿರಡೆಯ ತುಂಡಿಗೆ ಚುಚ್ಚಿ ತಗಡಿನ ಡಬ್ಬಿಯಲ್ಲಿ ಇಡಬೇಕು. ಕೋಲಿನ ತುದಿಯನ್ನು ಕಿಟಕಿಯಾಚೆ ಚಾಚಲೇಬಾರದು. ವಿದ್ಯುತ್ ತಂತಿಯ ಕೆಳಗೆ ಅದನ್ನು ನೆಟ್ಟಗೆ ಎತ್ತಿ ಹಿಡಿಯಲೂ ಬಾರದು. ಒದ್ದೆಯಾದ ಇಂಗಾಲದ ಕೋಲು ವಿದ್ಯುತ್ತಿಗೆ ಹೆದ್ದಾರಿ. ಎರೆಹುಳುಗಳನ್ನು ಒದ್ದೆಮಣ್ಣಿನೊಡನೆ ತೂತು ಮಾಡಿದ ಡಬ್ಬಿಯಲ್ಲಿ ಹಾಕಿ ನೆರಳಿನ ಕಡೆ ಇಡಬೇಕು. ಊಟದ ಡಬ್ಬಿಯಿಂದ ದೂರವಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಹಿಂತಿರುಗುವಾಗ ಮೀನಿನ ವಾಸನೆ ಸಹಪ್ರಯಾಣಿಕರ ಹುಬ್ಬನ್ನು ಏರಿಸುವುದುಂಟು. ಒದ್ದೆ ಗೋಣಿಯಲ್ಲಿ ಹಸಿ ಹುಲ್ಲಿನ ನಡುವೆ ಸುತ್ತಿದರೆ ಅದು ಒಂದಿಷ್ಟು ಅಡಗುತ್ತದೆ. ಏನೂ ಸಿಕ್ಕದ ದಿನ ಈ ತೊಂದರೆಯಿಲ್ಲ. ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿನ ಹೆಸರುವಾಸಿಯಾದ ಬಣ್ಣವಿಲ್ಲದ ನೀರಿನ ಪಾನಿಪೂರಿಯನ್ನು ತಿಂದು ಸಮಾಧಾನಗೊಂಡು ಮುಂದಿನ ಗಾಡಿಗೆ ಕಾಯಬಹುದು.

ಆದರೆ ಈ ವಿನೋದಕ್ಕೆ ಒಂದು ಗಟ್ಟಿ ಪ್ರಶ್ನೆಯೂ ಅಂಟಿಕೊಂಡಿದೆ: ಕೆರೆಯ ಮೀನು ಯಾರದು? ಕಾಟ್ಲಾ, ರೋಹು, ಮೃಗಾಲಗಳು ನಿಂತ ನೀರಿನಲ್ಲಿ ಮರಿಮಾಡುವ ಮೀನುಗಳಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. ಕಟಕದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ 1957ರಲ್ಲಿ ಈ ಜಾತಿಯ ಮೀನುಗಳಿಗೆ ಗ್ರಂಥಿರಸವನ್ನು ಚುಚ್ಚಿ ಕೊಳದಲ್ಲಿಯೇ ಮೊಟ್ಟೆ ಇಡಿಸಿದ ಮೇಲೆ, ಮೀನುಮರಿಗಳನ್ನು ಬೇಕಾದಷ್ಟು ಬೆಳೆಸಿ ಕೆರೆಗಳಿಗೆ ಬಿಡುವುದು ಸಾಧ್ಯವಾಯಿತು. ಎಂದರೆ ಇಂದು ಕೆರೆಯಲ್ಲಿರುವ ಕಾಟ್ಲಾ ದೇವರು ಕೊಟ್ಟದ್ದಲ್ಲ. ಗುತ್ತಿಗೆ ಹಿಡಿದವರು ಹಣ ಕೊಟ್ಟು ಮರಿ ತಂದು ಬಿಟ್ಟದ್ದು. ಅವರಿಗೆ ಗಾಳದವರ ಮೇಲೆ ಅಸಮಾಧಾನವಿದ್ದರೆ ಅದು ಅನ್ಯಾಯವಲ್ಲ. ಕೇಳಿ ಅನುಮತಿ ಪಡೆದು ಕೂರುವವನೂ, ಕಣ್ಣು ತಪ್ಪಿಸಿ ಕೂರುವವನೂ ನೋಡಲು ಒಂದೇ ತೆರನಾಗಿ ಕಂಡರೂ, ಏರಿಯ ಮೇಲೆ ಕಾವಲಿನವನ ಹೆಜ್ಜೆ ಕೇಳಿದಾಗ ಅವರಲ್ಲಿ ಯಾರು ಬೆಂಡನ್ನೇ ನೋಡುತ್ತಿರುತ್ತಾರೆ, ಯಾರು ಹಿಂತಿರುಗಿ ನೋಡುತ್ತಾರೆ ಎಂಬುದು ತಿಳಿದುಬಿಡುತ್ತದೆ.

ನೀರಿಗೆ ಸಿಡಿಮದ್ದನ್ನೋ ವಿಷವನ್ನೋ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆಯ ಕಾನೂನು ನಿಷೇಧಿಸಿತು. ತಪ್ಪಿದವರಿಗೆ ಎರಡು ತಿಂಗಳವರೆಗೆ ಸೆರೆ ಅಥವಾ ಇನ್ನೂರು ರೂಪಾಯಿವರೆಗೆ ದಂಡ. ಸಿಡಿಮದ್ದು ದಿನನಿತ್ಯದ ಕೆಲಸದ ವಸ್ತುವಾಗಿದ್ದ ಸೀಮೆಯಲ್ಲಿ ಈ ಮಾತು ಬರಿಯ ಪುಸ್ತಕದ ಮಾತಲ್ಲ. ಸ್ಫೋಟದಿಂದ ಸಾಯುವುದು ಬೇಕಾದ ಮೀನೊಂದೇ ಅಲ್ಲ. ಮರಿ, ಮೊಟ್ಟೆ, ಕಪ್ಪೆ, ಹುಳ ಎಲ್ಲವೂ. ಅದರಲ್ಲಿ ಅನೇಕವು ಮೇಲೆ ತೇಲದೆ ತಳ ಸೇರಿ ಯಾರಿಗೂ ಉಪಯೋಗವಿಲ್ಲದೆ ಕೊಳೆಯುತ್ತವೆ. ಇದರೆದುರಿಗೆ ಗಾಳ ಒಂದು ಸಲಕ್ಕೆ ಒಂದೇ ಮೀನನ್ನು ಕೇಳುತ್ತದೆ, ಅದು ಒಪ್ಪಿದರೆ ಮಾತ್ರ ತೆಗೆದುಕೊಳ್ಳುತ್ತದೆ. ಹಾಗೆಂದು ಗಾಳವೂ ನಿರಪರಾಧಿಯಲ್ಲ. ಕೊಳೆಯದಿರುವುದು ನೈಲಾನ್ ದಾರದ ಗುಣವೆಂದು ಹೊಗಳಿದೆವಷ್ಟೆ. ಸಿಕ್ಕುಬಿದ್ದಿತೆಂದು ಜೊಂಡಿನಲ್ಲಿ ಕಡಿದುಬಿಟ್ಟ ದಾರದಲ್ಲಿ ಆ ಗುಣವೇ ದೋಷವಾಗುತ್ತದೆ. ಬೆಳ್ಳಕ್ಕಿಯ ಕಾಲಿಗೂ ನೀರುಕಾಗೆಯ ರೆಕ್ಕೆಗೂ ಅದು ಸುತ್ತಿಕೊಂಡರೆ ಬಿಡಿಸುವವರಾರು?

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಶಾಫ್ಟುಗಳ ಉರುಳೆಗಳು ನಿಂತವು. ಕೆಲಸ ಹುಡುಕಿ ಸಾವಿರಾರು ಜನ ಪ್ರತಿ ಮುಂಜಾನೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವುದು ಊರಿನ ಬಾಳಾಯಿತು. ಆಗ ಕತ್ತಲಿದ್ದುದು ನೆಲದ ಕೆಳಗೆ. ಈಗ ಮನೆ ಬಿಡುವಾಗಲೂ ಕತ್ತಲು, ಮನೆ ಸೇರುವಾಗಲೂ ಕತ್ತಲು. ಕೆರೆಯ ಏರಿಗೆ ಉಳಿದದ್ದು ಭಾನುವಾರವೊಂದೇ. ಅದೂ ಕೆರೆಯಲ್ಲಿ ನೀರಿದ್ದರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗಾಳಗಳು ಅಟ್ಟ ಸೇರುವವು, ಬೀದಿಗಳಲ್ಲಿ ಕೊಡಗಳು ನೀರಿನ ಟ್ಯಾಂಕರಿಗಾಗಿ ಸಾಲುಗಟ್ಟುವವು. ಗಾಳದವನ ದುಃಖವೂ ಅವನ ಮನೆಯವರ ದುಃಖವೂ ಇಂಥ ಕಾಲದಲ್ಲಿ ಒಂದೇ ಕೆರೆಗೆ ಸಂಬಂಧಪಟ್ಟವು.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೊಳವೆಗಳಲ್ಲಿ ತಂದು ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಒಣಗಿದ್ದ ಅಂಗಳಗಳಲ್ಲಿ ಮತ್ತೆ ನೀರು ನಿಂತಿತು, ಅಂತರ್ಜಲ ಏರಿತು ಎನ್ನುವವರಿದ್ದಾರೆ. ಆ ಶುದ್ಧಿ ಸಾಲದೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ. ನೀರು ಬಂದ ಮೇಲೆ ಮೀನು ಬಂದೇ ಬರುತ್ತದೆ; ಆ ನೀರು ಎಂಥದೆಂದು ವಿಚಾರಿಸದೆ ಮನೆಗೆ ಮೀನು ತರಬಾರದೆಂದು ಹಿರಿಯರು ಹೇಳುವುದನ್ನು ಅಲ್ಲಗಳೆಯುವಂತಿಲ್ಲ. 2021ರ ನವೆಂಬರಿನಲ್ಲಿ ಭಾರಿ ಮಳೆ ಸುರಿದು ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. ಕೆರೆ ತುಂಬಿದ ಸುದ್ದಿ ಇಂಥ ಊರುಗಳಲ್ಲಿ ಹಬ್ಬದ ಸುದ್ದಿ. ಮಕ್ಕಳು ಮರಿ ಸಮೇತ ಜನ ಕೋಡಿಯ ನೀರನ್ನು ನೋಡಲು ಹೋಗುವರು.

ಇತ್ತ ಗಾಳದವನು ಅಟ್ಟದಿಂದ ಕೋಲನ್ನು ಇಳಿಸಿ, ಬಟ್ಟೆಯನ್ನು ಬಿಚ್ಚಿ, ಗಿಣ್ಣುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡುತ್ತಾನೆ. ಕೊಕ್ಕೆಗಳಿಗೆ ತುಕ್ಕು ಹಿಡಿದಿದೆ. ದಾರವನ್ನು ಎರಡು ಕೈಯಿಂದ ಜಗ್ಗಿದರೆ ಪಟ್ಟನೆ ತುಂಡಾಗುತ್ತದೆ. ಸಂಜೆ ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಹೋಗಿ ತಂಗೂಸಿ ಕೊಡಿರೆಂದು ಕೇಳುತ್ತಾನೆ. “ಎಷ್ಟು ಮಾರು ಬೇಕು ಯಜಮಾನರೆ?” ಎನ್ನುತ್ತಾನೆ ಅಂಗಡಿಯವನು. ಅದಕ್ಕೆ ಉತ್ತರ ಕೊಡುವ ಮುನ್ನ ಅವನು, ಬೇತಮಂಗಲದಲ್ಲಿ ನೀರು ತೂಬಿನ ಕಲ್ಲಿನಿಂದ ಎಷ್ಟು ಮೇಲಕ್ಕೆ ಬಂದಿದೆಯೆಂದು ವಿಚಾರಿಸುತ್ತಾನೆ.